ಕೆಲಸಕ್ಕೆಂದು ನೋಡುವ ಮೊಬೈಲ್ ಚಟವಾಗಿದೆ ಎಂದು ತಿಳಿಯುವುದು ಹೇಗೆ?

ದಿನಕ್ಕೆ ಐದು ಗಂಟೆ ಮೊಬೈಲ್ ನೋಡುತ್ತೀರಿ, ಹೆಚ್ಚಿನದು ವ್ಯಾಪಾರದ ಕೆಲಸಕ್ಕೆ, ಆಟ ಆಡುವುದಿಲ್ಲ. ಆದರೂ ಮನೆಯವರು ಚಟ ಎನ್ನುತ್ತಾರೆ, ಹೌದೇ ಎಂದು ಕೇಳಿದ್ದೀರಿ. ಗಂಟೆಯ ಲೆಕ್ಕ ಸದ್ಯಕ್ಕೆ ಬದಿಗಿಡಿ. ನೋಡಬೇಕಾದದ್ದು ಸಿಕ್ಕ ಮೇಲೆ ಮೊಬೈಲ್ ಕೆಳಗಿಡುತ್ತೀರಾ? ನನಗೆ ಅದು ಆಗುತ್ತಿರಲಿಲ್ಲ. ಹಾಗಾಗಿ ಈ ಉತ್ತರ ಬರೆಯುತ್ತಿದ್ದೇನೆ.

ನಾನು ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಯಲ್ಲಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಡತ ಅಂಗಡಿಯೊಂದರ ಲೆಕ್ಕ ಬರೆಯುವವನು. ತೊಗರಿಯ ಹಂಗಾಮಿನಲ್ಲಿ ನಮ್ಮ ಬದುಕೆಲ್ಲ ಧಾರಣೆಯ ಸುತ್ತಲೇ. 2024–25ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಮಾರುಕಟ್ಟೆ ಅದರ ಮೇಲಿದೆಯೋ ಕೆಳಗಿದೆಯೋ ಎಂದು ರೈತರು ಕೇಳುತ್ತಲೇ ಇರುತ್ತಿದ್ದರು. ಅದಕ್ಕಾಗಿ ಹನ್ನೆರಡು ವಾಟ್ಸಾಪ್ ಗುಂಪುಗಳಲ್ಲಿ ಸೇರಿಕೊಂಡೆ. ಲಾತೂರು, ಸೋಲಾಪುರ, ಅಕೋಲಾ ಎಲ್ಲ ಕಡೆಯ ಧಾರಣೆ ನನ್ನ ಅಂಗೈಯಲ್ಲಿತ್ತು. ಇದು ಕೆಲಸ ಅಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಒಂದು ದಿನ ಜೇವರ್ಗಿ ಕಡೆಯ ಹಿರಿಯ ರೈತರೊಬ್ಬರು ಎದುರಿಗೆ ಕುಳಿತಿದ್ದರು. ಅವರ ಹದಿನೆಂಟು ಚೀಲಗಳ ತೂಕ ಬರೆಯುತ್ತಿದ್ದೆ. ಐದನೆಯ ಚೀಲಕ್ಕೆ ಕೈ ಜೇಬಿಗೆ ಹೋಯಿತು, ಒಂಬತ್ತನೆಯದಕ್ಕೆ ಮತ್ತೆ ಹೋಯಿತು. ಹದಿಮೂರನೆಯ ಚೀಲದ ತೂಕ ಬರೆಯದೆಯೇ ಹದಿನಾಲ್ಕಕ್ಕೆ ಹೋಗಿದ್ದೆ. ಅವರು ಬೆರಳಿಟ್ಟು ತೋರಿಸಿದರು. ಆಮೇಲೆ ಮೆತ್ತಗೆ, “ಯಪ್ಪಾ, ಈಗ ಅದರಲ್ಲಿ ಏನು ಬಂದಿತ್ತು?” ಎಂದು ಕೇಳಿದರು. ನನಗೆ ಹೇಳಲು ಬರಲಿಲ್ಲ. ಅರ್ಧ ನಿಮಿಷದ ಹಿಂದೆ ನೋಡಿದ್ದೆ, ಏನು ನೋಡಿದೆ ಎಂಬುದೇ ನೆನಪಿರಲಿಲ್ಲ. ಒಂದು ಚೀಲವೆಂದರೆ ಅವರ ಮನೆಯ ಎಷ್ಟು ದಿನದ ಖರ್ಚು ಎಂದು ಯೋಚಿಸಿ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಹಳೆಯ ರೋಜು ಪುಸ್ತಕದ ಕೊನೆಯ ಹಾಳೆಯಲ್ಲಿ ಲೆಕ್ಕ ಶುರು ಮಾಡಿದೆ. ಕೈ ಮೊಬೈಲಿಗೆ ಹೋದಾಗಲೆಲ್ಲ ಒಂದು ಗೀಟು. ಯಾರೋ ಕರೆ ಮಾಡಿದ್ದಕ್ಕೋ, ಯಾರೋ ಧಾರಣೆ ಕೇಳಿದ್ದಕ್ಕೋ ತೆಗೆದಿದ್ದರೆ ಆ ಗೀಟಿಗೆ ಸುತ್ತು. ಸಂಜೆ ಐದಕ್ಕೆ ಎಣಿಸಿದರೆ ತೊಂಬತ್ತಮೂರು ಗೀಟು, ಸುತ್ತು ಹಾಕಿದ್ದು ಹದಿನೇಳಕ್ಕೆ ಮಾತ್ರ. ಉಳಿದ ಎಪ್ಪತ್ತಾರು ಸಲ ನನ್ನನ್ನು ಯಾರೂ ಕರೆದಿರಲಿಲ್ಲ. ಅಷ್ಟಕ್ಕೂ ನಮ್ಮಲ್ಲಿ ಆ ದಿನದ ಧಾರಣೆ ಗೊತ್ತಾಗುವ ಟೆಂಡರ್ ತೆರೆಯುವುದು ದಿನಕ್ಕೊಮ್ಮೆ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ ನಾನು ನೋಡುತ್ತಿದ್ದದ್ದು ಮಧ್ಯಾಹ್ನ ನೋಡಿದ್ದ ಅದೇ ಅಂಕಿಗಳನ್ನು.

ಹೀಗೇಕೆ ಆಗುತ್ತದೆ ಎಂದು ಓದಿ ತಿಳಿದುಕೊಂಡೆ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಕುಕ್ಕಿದರೆ ಯಾವಾಗ ಕಾಳು ಬೀಳುತ್ತದೆ ಎಂದು ಗೊತ್ತಾಗದಂತೆ ಮಾಡಿದಾಗ, ಹಕ್ಕಿ ಕಾಳು ಬೀಳದಿದ್ದರೂ ಬಿಡದೆ ಕುಕ್ಕುತ್ತಲೇ ಇರುತ್ತದೆ. ಗಂಜ್‌ನಲ್ಲಿ ಚೆಲ್ಲಿದ ತೊಗರಿಗೆ ಬರುವ ಪಾರಿವಾಳಗಳನ್ನು ದಿನವೂ ನೋಡುವ ನನಗೆ ಇದು ತಕ್ಷಣ ತಲೆಗೆ ಹೋಯಿತು. ನೂರು ಸಲ ನೋಡಿದರೆ ಒಂದು ಸಲ ಧಾರಣೆ ಇನ್ನೂರು ರೂಪಾಯಿ ಏರಿರುತ್ತದೆ. ಆ ಒಂದು ಸಲವೇ ಉಳಿದ ತೊಂಬತ್ತೊಂಬತ್ತನ್ನೂ ನಡೆಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಚಟಕ್ಕೆ ಜಾಗ ಸಿಕ್ಕಿದೆ. ಇಂಟರ್ನೆಟ್ ಚಟ ಎಂಬ ಪ್ರತ್ಯೇಕ ಕಾಯಿಲೆಯನ್ನು ಹೆಸರಿಸಿಲ್ಲ. ಆದರೆ ಗೇಮಿಂಗ್ ವಿಷಯದಲ್ಲಿ ಅವರು ನೋಡುವ ಮೂರು ಸಂಗತಿಗಳನ್ನು ನೀವೂ ಕೇಳಿಕೊಳ್ಳಬಹುದು: ಹಿಡಿತ ತಪ್ಪಿದೆಯೇ, ಬೇರೆಲ್ಲಕ್ಕಿಂತ ಅದೇ ಮುಂದಾಗಿದೆಯೇ, ನಷ್ಟ ಕಣ್ಣಿಗೆ ಕಂಡರೂ ನಡೆದೇ ಇದೆಯೇ. ಕಿಂಬರ್ಲಿ ಯಂಗ್ ಎಂಬ ಮನೋವಿಜ್ಞಾನಿ 1998ರಲ್ಲಿ ಕೊಟ್ಟ 20 ಪ್ರಶ್ನೆಗಳ ಪರೀಕ್ಷೆಯೂ ಇದೆ. ‘ಇನ್ನು ಸ್ವಲ್ಪ ಹೊತ್ತು ಅಷ್ಟೇ’ ಎಂದು ಎಷ್ಟು ಸಲ ಹೇಳುತ್ತೀರಿ ಎಂಬುದು ಅದರಲ್ಲಿ ಒಂದು. ಅದನ್ನು ನೀವೊಬ್ಬರೇ ತುಂಬಬೇಡಿ, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನನ್ನ ಎರಡು ಉತ್ತರಗಳನ್ನು ನನ್ನ ಹೆಂಡತಿ ತಿದ್ದಿದಳು, ಎರಡೂ ಸಲ ಅವಳು ಹೇಳಿದ್ದೇ ಸರಿ.

ಮೊಬೈಲ್ ನೋಡಲು ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನೂ ಗಮನಿಸಿ. ಹೋಳಿಯ ನಂತರ ಬರುವ ಶರಣಬಸವೇಶ್ವರರ ಜಾತ್ರೆಯಲ್ಲಿ, ತೇರಿನ ದಿನ, ಜನಸಂದಣಿಗೆ ನೆಟ್‌ವರ್ಕ್ ನಿಂತುಹೋಗಿತ್ತು. ನನಗೆ ಸುಮ್ಮನೆ ಸಿಟ್ಟು, ಎದೆಯಲ್ಲಿ ಚಡಪಡಿಕೆ. ಮಗಳ ಕೈ ಹಿಡಿದುಕೊಂಡು ಸಿಗ್ನಲ್ ಹುಡುಕುತ್ತ ಹೊರಗೆ ಬಂದೆ. ತೇರು ಎಳೆದ ಕೂಗು ಕೇಳಿದಾಗ ನಾವು ಬೀದಿಯ ತುದಿಯಲ್ಲಿದ್ದೆವು. ತೇರಿಗೆ ಎಸೆಯಲೆಂದು ತಂದಿದ್ದ ಉತ್ತತ್ತಿ ಅವಳ ಮುಷ್ಟಿಯಲ್ಲೇ ಉಳಿದಿತ್ತು.

ನಾನು ಮಾಡಿದ್ದು ಹೆಚ್ಚೇನಿಲ್ಲ. ಹನ್ನೆರಡು ಗುಂಪುಗಳಲ್ಲಿ ಹತ್ತನ್ನು ಬಿಟ್ಟೆ. ಅಂಗಡಿಗೆ ಬಂದ ಕೂಡಲೇ ಮೊಬೈಲ್ ಗಲ್ಲಾದೊಳಗೆ. ಟೆಂಡರ್ ತೆರೆದ ಮೇಲೆ ಒಂದು ಸಲ ಹೊರಗೆ. ಸಮಯ ನೋಡುವ ನೆಪ ಇರಬಾರದೆಂದು ಕೈಗಡಿಯಾರ ಕಟ್ಟಿಕೊಂಡೆ. ಮೊದಲ ವಾರ ಖಾಲಿ ಜೇಬನ್ನು ಮುಟ್ಟಿಕೊಳ್ಳುತ್ತಿದ್ದೆ. ಅಕಾಲಿಕ ಮಳೆ ಸುರಿದ ವಾರ ಎಲ್ಲ ತಲೆಕೆಳಗಾಗಿ ಮತ್ತೆ ಎಪ್ಪತ್ತು ಗೀಟಿಗೆ ಬಂದೆ. ಹಾಳೆ ತಿರುವಿ ಮತ್ತೆ ಎಣಿಸಿದೆ. ಈಗ ಇಪ್ಪತ್ತರ ಆಸುಪಾಸಿನಲ್ಲಿದೆ.

ಇಷ್ಟಕ್ಕೆ ಬಗ್ಗದಿದ್ದರೆ, ನಿದ್ದೆ ಕೆಟ್ಟಿದ್ದರೆ, ಸಾಲವಾಗಿದ್ದರೆ, ಮನಸ್ಸು ಕುಗ್ಗಿದ್ದರೆ ಒಬ್ಬರೇ ಹೆಣಗಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವುದು ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ನಾಳೆ ಒಂದು ದಿನ ಗೀಟು ಹಾಕಿ ನೋಡಿ. ಒಟ್ಟು ಎಷ್ಟು, ಸುತ್ತು ಹಾಕಿದ್ದು ಎಷ್ಟು ಎಂದು ಇಲ್ಲಿಯೇ ಬರೆಯಿರಿ. ಮಧ್ಯಾಹ್ನ ಟೆಂಡರ್ ಮುಗಿದ ಮೇಲೆ ಓದಿ ಉತ್ತರಿಸುತ್ತೇನೆ.