ಬಿಲ್ಡ್ ಸೋರಿದ್ದು ಯಾರ ಕೈಯಿಂದ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ನಾಲ್ವರು ಸೇರಿ ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಕಂಬಳದ ಗೇಮ್ ಮಾಡುತ್ತಿದ್ದೇವೆ. ಆಡಿ ನೋಡಿ ಎಂದು ಹನ್ನೆರಡು ಮಂದಿ ಗೆಳೆಯರಿಗೆ ಬಿಲ್ಡಿನ, ಅಂದರೆ ಆಡಲು ಬರುವ ಪ್ರತಿಯ, ಡ್ರೈವ್ ಲಿಂಕ್ ಕೊಟ್ಟಿದ್ದೆವು. ವಾರದೊಳಗೆ ಅರ್ಧಂಬರ್ಧ ಓಟದ ವಿಡಿಯೊ, ಜಿಪ್ ಫೈಲ್ ಎರಡೂ ಬೇರೆ ಕಡೆ ಕಾಣಿಸಿಕೊಂಡವು. ಯಾರು ಹಾಕಿದ್ದೆಂದು ಪತ್ತೆ ಹಚ್ಚುವುದು ಹೇಗೆ?
— ಓದುಗರೊಬ್ಬರು, ಸುರತ್ಕಲ್

ಉತ್ತರ: ಈ ಸಲ ಪತ್ತೆಯಾಗುವುದು ಕಷ್ಟ. ಎಲ್ಲರಿಗೂ ಹೋದದ್ದು ಒಂದೇ ಫೈಲ್. ಲಿಂಕ್ ಸಿಕ್ಕಿದವರೆಲ್ಲ ತೆರೆಯುವಂತೆ ಇಟ್ಟಿದ್ದರೆ ಹದಿಮೂರನೆಯವರೂ ಇರಬಹುದು. ಹಾಗಾಗಿ ಗೆಳೆಯರಲ್ಲಿ ಯಾರ ಮೇಲೂ ಬೆರಳು ತೋರಿಸಬೇಡಿ.

ಮೊದಲು ಲಿಂಕ್ ಮುಚ್ಚಿ. ಫೈಲ್ ಇರುವ ಪುಟದ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆ ತಾಣದ ಕಾಪಿರೈಟ್ ಫಾರಂ ತುಂಬಿ. ಅದರಿಂದ ಆಗದಿದ್ದರೆ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಡಿ ಲಿಖಿತ ದೂರು ಕೊಡುವ ದಾರಿ ಉಂಟು. ದೂರು ಸರಿಯಿದ್ದರೆ ತಾಣದವರು 36 ಗಂಟೆಯೊಳಗೆ ಫೈಲನ್ನು ತಡೆಹಿಡಿಯಬೇಕು. ನೀವು 21 ದಿನದೊಳಗೆ ಕೋರ್ಟಿನ ಆದೇಶ ತಂದುಕೊಡದಿದ್ದರೆ ಅವರು ಅದನ್ನು ಮತ್ತೆ ತೆರೆಯಬಹುದು. ಕೋರ್ಟಿಗೆ ಹೋಗುತ್ತೇವೆಂದು ದೂರಿನಲ್ಲೇ ಬರೆದುಕೊಡಬೇಕಾದ್ದರಿಂದ ಮೊದಲು ವಕೀಲರೊಬ್ಬರನ್ನು ಕೇಳಿ.

ಮುಂದಿನ ಸಲ ಒಬ್ಬೊಬ್ಬರಿಗೂ ಬೇರೆ ಬೇರೆ ಬಿಲ್ಡ್ ಕೊಡಿ. ಇದಕ್ಕೆ ದುಡ್ಡು ಬೇಡ. ಗೇಮಿನೊಳಗೆ ನಾಲ್ಕು ಜಾಗ ಆರಿಸಿ, ಪ್ರತಿಯೊಂದಕ್ಕೂ ಎರಡು ರೂಪ ಇಡಿ. ನಿಶಾನೆಯ ಬಟ್ಟೆಗೆ ಎರಡು ಪಟ್ಟಿ ಅಥವಾ ಮೂರು, ಮಂಜೊಟ್ಟಿಯ (ಓಟ ಮುಗಿಯುವ ಜಾಗ) ಹಿಂದೆ ತೆಂಗಿನಮರ ಐದು ಅಥವಾ ಆರು, ಓಡಿಸುವವನ ಮುಂಡಾಸು ಕೆಂಪು ಅಥವಾ ಬಿಳಿ, ಸಮಯ ತೋರಿಸುವ ಪೆಟ್ಟಿಗೆ ಎಡಕ್ಕೆ ಅಥವಾ ಬಲಕ್ಕೆ. ಮೊದಲ ರೂಪಕ್ಕೆ 0, ಎರಡನೆಯದಕ್ಕೆ 1 ಎಂದು ಬರೆದುಕೊಂಡರೆ 16 ಗುರುತು ಸಿಗುತ್ತವೆ. ಹನ್ನೆರಡು ಮಂದಿಗೆ ಧಾರಾಳ ಸಾಕು.

ಇಲ್ಲಿಗೇ ನಿಲ್ಲಿಸಿದರೆ ಒಂದು ಅಪಾಯ ಉಂಟು. ಮಸುಕು ವಿಡಿಯೊದಲ್ಲಿ ಆರು ಮರ ಐದಾಗಿ ಕಂಡರೆ, ಏನೂ ಮಾಡದ ಇನ್ನೊಬ್ಬ ಗೆಳೆಯನ ಹೆಸರು ಬಂದುಬಿಡುತ್ತದೆ. ಅದಕ್ಕೆ ಐದನೇ ಜಾಗವೊಂದು ಬೇಕು, ಕರೆಯ (ಕೋಣ ಓಡುವ ಕೆಸರಿನ ಹಾದಿ) ಬದಿಯ ಬಾವುಟ ಎನ್ನಿ. ಅದು ಚೌಕವೋ (0) ತ್ರಿಕೋನವೋ (1) ಎಂಬುದನ್ನು, ಒಟ್ಟು 1ಗಳ ಎಣಿಕೆ ಸಮಸಂಖ್ಯೆಯಾಗುವಂತೆ ಇಡಿ. ಉದಾಹರಣೆಗೆ ಗುರುತು 1, 0, 1, 1 ಆದರೆ ಬಾವುಟವೂ 1. ಸೋರಿದ ವಿಡಿಯೊ ನೋಡಿ ಬರೆದಾಗ ಎಣಿಕೆ ಬೆಸ ಬಂದರೆ ಎಲ್ಲೋ ತಪ್ಪಾಗಿ ಕಂಡಿದೆ ಎಂದರ್ಥ, ಮತ್ತೊಮ್ಮೆ ನೋಡಿ. ತುಣುಕಿನಲ್ಲಿ ಎರಡೇ ಜಾಗ ಕಂಡರೆ ಒಂದೇ ಹೆಸರು ಸಿಗದು, ಹೆಚ್ಚೆಂದರೆ ನಾಲ್ವರ ಹೆಸರು ಉಳಿಯುತ್ತದೆ.

ಕಣ್ಣಿಗೆ ಕಾಣದಷ್ಟು ತೆಳುವಾದ ವಾಟರ್‌ಮಾರ್ಕ್ ನೆಚ್ಚಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಲ ದಾಟಿದರೆ, ಅಥವಾ ಪರದೆಗೆ ಮೊಬೈಲ್ ಹಿಡಿದು ಚಿತ್ರೀಕರಿಸಿದರೆ ಅದು ಅಳಿಸಿಹೋಗುವ ಸಂಭವವೇ ಹೆಚ್ಚು. ಆಕಾರ, ಎಣಿಕೆ, ಜಾಗ, ಇವು ಉಳಿಯುತ್ತವೆ.

ಪ್ರತಿ ಜಿಪ್ಪಿನ ಮತ್ತು ಅದರೊಳಗಿನ ಫೈಲುಗಳ ಎಸ್‌ಎಚ್‌ಎ–256 ಸಂಖ್ಯೆಯನ್ನೂ (ಫೈಲಿನ ಬೆರಳಚ್ಚಿನಂಥದ್ದು) ಹೆಸರಿನ ಮುಂದೆ ಬರೆದಿಡಿ. ಜಿಪ್ಪನ್ನು ಬಿಚ್ಚಿ ಮತ್ತೆ ಕಟ್ಟಿದರೆ ಹೊರಗಿನ ಸಂಖ್ಯೆ ಬದಲಾಗುತ್ತದೆ, ಆದರೆ ಮುಟ್ಟದೆ ಬಿಟ್ಟ ಒಳಗಿನ ಫೈಲಿನದು ಬದಲಾಗದು. ಬಿಲ್ಡ್‌ಗೆ ಗುರುತು ಹಾಕಿದ್ದೇವೆಂದು ಎಲ್ಲರಿಗೂ ಮೊದಲೇ ಹೇಳಿಬಿಡಿ. ಗುಟ್ಟಾಗಿ ಹಿಡಿಯುವುದಕ್ಕಿಂತ ಸೋರದಂತೆ ತಡೆಯುವುದು ನಮಗೆ ಮುಖ್ಯ, ಗೆಳೆತನವೂ ಉಳಿಯುತ್ತದೆ.

ಪ್ರಶ್ನೆ: ನಮ್ಮ ಗೇಮಿನ ಕೋಡನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ. ನಕಲು ತಡೆಯುವ ಡೆನುವೊದಂಥ ರಕ್ಷಣೆ ಕೊಳ್ಳಬೇಕೇ? ಆಡುವಾಗ ಇಂಟರ್ನೆಟ್ ಕಡ್ಡಾಯ ಮಾಡಿದರೆ ಸಾಕೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಯೂನಿಟಿಯಲ್ಲಿ ಮೊನೊ ಎಂಬ ಆಯ್ಕೆ ಆರಿಸಿ ಬಿಲ್ಡ್ ಮಾಡಿದ್ದರೆ ಅಸೆಂಬ್ಲಿ–ಸಿಶಾರ್ಪ್ ಡಿಎಲ್‌ಎಲ್ ಎಂಬ ಫೈಲಿನಲ್ಲಿ ನಿಮ್ಮ ಕೋಡ್ ಹೆಚ್ಚುಕಮ್ಮಿ ಬರೆದಂತೆಯೇ ಓದಲು ಸಿಗುತ್ತದೆ. ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ಕೋಡನ್ನು ಸಿ++ಗೆ ತಿರುಗಿಸುವ ಐಎಲ್2ಸಿಪಿಪಿಗೆ ಬದಲಾಯಿಸಿ. ಆಗಲೂ ಕ್ಲಾಸ್, ಫಂಕ್ಷನ್‌ಗಳ ಹೆಸರು ಗ್ಲೋಬಲ್–ಮೆಟಾಡೇಟಾ ಫೈಲಿನಲ್ಲಿ ಉಳಿಯುತ್ತವೆ. ಬಿಚ್ಚುವವರ ಕೆಲಸ ಕಷ್ಟವಾಗುತ್ತದೆ, ಅಷ್ಟೆ.

ಈ ಬಿಲ್ಡ್ ಮಾಡಿದಾಗ ಪಕ್ಕದಲ್ಲೇ ಇನ್ನೊಂದು ಫೋಲ್ಡರ್ ಹುಟ್ಟುತ್ತದೆ. ಅದರ ಹೆಸರಿನಲ್ಲೇ ‘ಬ್ಯಾಕಪ್ ದಿಸ್ ಫೋಲ್ಡರ್ ಬಟ್ ಡೋಂಟ್ ಶಿಪ್ ಇಟ್ ವಿತ್ ಯುವರ್ ಗೇಮ್’ ಎಂದಿರುತ್ತದೆ, ಅಂದರೆ ಕಾದಿಡಿ, ಗೇಮ್ ಜೊತೆ ಕಳಿಸಬೇಡಿ. ನಿಮ್ಮ ಕೋಡಿನಿಂದ ಹುಟ್ಟಿದ ಸಿ++ ಫೈಲುಗಳು ಇರುವುದು ಅದರಲ್ಲಿ. ಬಿಲ್ಡ್ ಇಟ್ಟ ಇಡೀ ಜಾಗವನ್ನು ಕಣ್ಣುಮುಚ್ಚಿ ಜಿಪ್ ಮಾಡಿದರೆ ಅದೂ ಹೊರಟುಹೋಗುತ್ತದೆ. ದೊಡ್ಡವರಿಗೂ ಇಂಥ ತಪ್ಪು ಆಗಿದೆ. 2020ರಲ್ಲಿ ಡೂಮ್ ಎಟರ್ನಲ್ ಗೇಮ್ ಬಿಡುಗಡೆಯಾದಾಗ, ಬೆಥೆಸ್ಡಾ ಕಂಪನಿಯ ಲಾಂಚರಿನ ಪ್ರತಿಯೊಳಗೆ ಡೆನುವೊ ಇಲ್ಲದ ಎಕ್ಸಿ (ಗೇಮ್ ಶುರುಮಾಡುವ) ಫೈಲೂ ಇತ್ತು. ಬೀಗ ಒಡೆಯುವ ಕೆಲಸವೇ ಯಾರಿಗೂ ಬೀಳಲಿಲ್ಲ.

ಡೆನುವೊ ನಿಮ್ಮ ಅಳತೆಯ ತಂಡಕ್ಕೆ ಬೇಡ. ಗೇಮ್ ಮಾರುವ ತಾಣ ಸ್ಟೀಮಿನ ಡಿಆರ್‌ಎಂ (ನಕಲು ತಡೆ) ಹೊದಿಕೆ ಹಾಕಿಕೊಳ್ಳಿ, ಉಚಿತ. ಆದರೆ ಅದೊಂದೇ ಪೈರಸಿ ತಡೆಯಲಾರದು ಎಂದು ಸ್ಟೀಮ್ ನಡೆಸುವ ವಾಲ್ವ್ ಕಂಪನಿಯೇ ಹೇಳುತ್ತದೆ. ಇಂಟರ್ನೆಟ್ ಕಡ್ಡಾಯವಂತೂ ಬೇಡವೇ ಬೇಡ. 2010ರಲ್ಲಿ ಯುಬಿಸಾಫ್ಟ್ ಎಂಬ ಗೇಮ್ ಕಂಪನಿ ಹಾಗೆ ಮಾಡಿ, ಸರ್ವರ್ ಮೇಲೆ ದಾಳಿಯಾದಾಗ ದುಡ್ಡು ಕೊಟ್ಟವರೇ ಆಡಲಾಗದೆ ಕೂತರು. ಆಟಿ ತಿಂಗಳ ಮಳೆಗೆ ಕರೆಂಟು, ನೆಟ್ ಎರಡೂ ಹೋಗುವ ನಮ್ಮೂರಿನಲ್ಲಿ ಆ ಕಷ್ಟ ಯಾರ ತಲೆಗೆ ಬರುತ್ತದೆಂದು ಯೋಚಿಸಿ. ಒಬ್ಬರೇ ಆಡುವ ಓಟ ನೆಟ್ ಇಲ್ಲದೆ ನಡೆಯಲಿ. ಆನ್‌ಲೈನ್ ಅಂಕಪಟ್ಟಿಗೆ ಮಾತ್ರ ನಿಮ್ಮ ಸರ್ವರ್ ಆಡುವವರ ಗುರುತು ತೋರಿಸುವ ಸ್ಟೀಮ್ ಟಿಕೆಟ್ ಪರೀಕ್ಷಿಸಲಿ. ಅದಕ್ಕೆ ಬೇಕಾದ ಪಬ್ಲಿಷರ್ ಕೀ (ಗುಟ್ಟಿನ ಸಂಕೇತ) ಸರ್ವರಿನಲ್ಲೇ ಇರಬೇಕು, ಗೇಮಿನೊಳಗೆ ಅಲ್ಲ. ಕೋಡಿನ ಹಳೆಯ ರೂಪಗಳನ್ನೂ ಕಾದಿಡುವ ಗಿಟ್‌ನಲ್ಲಿ ಒಮ್ಮೆ ಸೇರಿದ ಕೀಯನ್ನು ಮುಂದಿನ ಕಮಿಟ್‌ನಲ್ಲಿ (ಉಳಿಸಿದ ರೂಪದಲ್ಲಿ) ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಇದ್ದೇ ಇರುತ್ತದೆ. ಮೊದಲು ಆ ಕೀಯನ್ನು ರದ್ದು ಮಾಡಿ ಹೊಸತು ಪಡೆಯಿರಿ, ಇತಿಹಾಸ ತೊಳೆಯುವುದು ಆಮೇಲೆ.

ಪ್ರಶ್ನೆ: ಮಗ ಕ್ರ್ಯಾಕ್ ಮಾಡಿದ ಗೇಮ್ ಹಾಕಿದ್ದಾನೆ. ಆ್ಯಂಟಿವೈರಸ್ ಆಫ್ ಮಾಡಲು ಅದೇ ಹೇಳಿತಂತೆ. ಈಗ ಅವನ ಇನ್‌ಸ್ಟಾಗ್ರಾಂನಿಂದ ಏನೇನೋ ಮೆಸೇಜ್ ಹೋಗುತ್ತಿವೆ.
— ಗೃಹಿಣಿ, ಉಡುಪಿ

ಉತ್ತರ: ಅಮ್ಮಾ, ಲ್ಯಾಪ್‌ಟಾಪಿನ ವೈಫೈ ಈಗಲೇ ಆಫ್ ಮಾಡಿ. ಅದರಲ್ಲೇ ಕೂತು ಪಾಸ್‌ವರ್ಡ್ ಬದಲಾಯಿಸಿದರೆ ಹೊಸದೂ ಕಳ್ಳರಿಗೆ ಹೋಗುತ್ತದೆ. ಬೇರೆ ಫೋನಿನಿಂದ ಮೊದಲು ಇಮೇಲ್, ಆಮೇಲೆ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಇಂಥ ಫೈಲುಗಳು ಬ್ರೌಸರಿನಲ್ಲಿ ಲಾಗಿನ್ ಉಳಿಸಿಡುವ ಕುಕೀಯನ್ನೇ ಕದಿಯುವುದುಂಟು. ಲಾಗ್‌ಔಟ್ ಮಾಡದಿದ್ದರೆ ಕಳ್ಳ ಒಳಗೇ ಉಳಿಯಬಹುದು. ಆ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ಕೆಲಸ ಮಾಡಿದ್ದರೆ ಬ್ಯಾಂಕಿಗೂ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಫೋಟೊ, ಪಾಠದ ಫೈಲು ಮಾತ್ರ ಪೆನ್‌ಡ್ರೈವ್‌ಗೆ ತೆಗೆದು ವಿಂಡೋಸ್ ಹೊಸದಾಗಿ ಹಾಕಿಸಿ.

ಮಗನನ್ನು ಬೈಯಬೇಡಿ, ಒಂದು ವಿಷಯ ತಿಳಿಸಿ: ಸ್ಟೀಮಿನಲ್ಲಿ ಕೊಂಡ ಗೇಮ್ ಹಿಡಿಸದಿದ್ದರೆ, ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು.