ಬೇತ್ಲೆಹೇಮ್ ರೂತಳನ್ನು ನಮ್ಮವಳು ಅಂತ ಒಪ್ಪಿಕೊಂಡಿತಾ?

ಬೈಬಲ್ಲಿನ ರೂತಳ ಪುಸ್ತಕದಲ್ಲಿ, ಮೋವಾಬ್ ದೇಶದ ವಿಧವೆ ರೂತ್ ತನ್ನ ಅತ್ತೆ ನೊವೊಮಿಯ ಹಿಂದೆ ಇಸ್ರಾಯೇಲ್ಯರ ಊರಾದ ಬೇತ್ಲೆಹೇಮಿಗೆ ಬಂದ ಮೇಲೂ ಅವಳನ್ನು ‘ಮೋವಾಬಿನವಳು’ ಅಂತಲೇ ಯಾಕೆ ಕರೆಯುತ್ತಾರೆ, ಊರು ಅವಳನ್ನು ಒಪ್ಪಲಿಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅರ್ಧ ಮಾತ್ರ ಒಪ್ಪಿತು. ಹಾಗೆ ಯಾರು, ಎಲ್ಲಿ ಕರೆಯುತ್ತಾರೆ ಅನ್ನೋದನ್ನ ಗಮನಿಸಿ.

ಎರಡನೇ ಅಧ್ಯಾಯದಲ್ಲಿ ಅವಳು ನೊವೊಮಿಯ ಗಂಡನ ಸಂಬಂಧಿಕ ಬೋವಜನ ಹೊಲದಲ್ಲಿ ಹಕ್ಕಲು ಆಯುತ್ತಿರುತ್ತಾಳೆ. ಬಿದ್ದ ತೆನೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಅಂತ ಬೈಬಲ್ಲಿನ ನಿಯಮಗಳ ಪುಸ್ತಕ ಯಾಜಕಕಾಂಡದಲ್ಲೇ ಇದೆ. ಅದು ಭಿಕ್ಷೆ ಅಲ್ಲ, ಹಕ್ಕು. “ಈ ಹುಡುಗಿ ಯಾರ ಕಡೆಯವಳು?” ಅಂತ ಬೋವಜ ಕೇಳುತ್ತಾನೆ. ಕೊಯ್ಲಿನ ಮೇಸ್ತ್ರಿ ಹೆಸರೇ ಹೇಳುವುದಿಲ್ಲ. ನೊವೊಮಿಯ ಜೊತೆ ಬಂದ ಮೋವಾಬಿನ ಹುಡುಗಿ, ಅಷ್ಟೇ. ನಿನ್ನ ಮೈಮುಟ್ಟಬಾರದು ಅಂತ ಆಳುಗಳಿಗೆ ತಾಕೀತು ಮಾಡಿದ್ದೇನೆ ಅಂತ ಬೋವಜ ಅವಳಿಗೆ ಹೇಳುತ್ತಾನೆ. ಆ ತಾಕೀತು ಯಾಕೆ ಬೇಕಾಯಿತು? ಗಂಡ ಇಲ್ಲದವಳು, ಹೊರಗಿನವಳು, ಏನಾದರೂ ಆದರೆ ಕೇಳೋರಿಲ್ಲ.

ಮೂರನೇ ಅಧ್ಯಾಯ ನನಗೆ ಎಲ್ಲಕ್ಕಿಂತ ಇಷ್ಟ. ರಾತ್ರಿ ಕಣದಲ್ಲಿ ಬೋವಜ ಬೆಚ್ಚಿ ಎದ್ದು “ನೀನು ಯಾರು?” ಅನ್ನುತ್ತಾನೆ. “ನಾನು ರೂತ್, ನಿನ್ನ ದಾಸಿ” ಅಂತ ಅವಳೇ ಹೇಳುತ್ತಾಳೆ. ಮದುವೆಯ ಮಾತನ್ನೂ ಅವಳೇ ಎತ್ತುತ್ತಾಳೆ! ಆ ಅಧ್ಯಾಯ ಪೂರ್ತಿ ಹುಡುಕಿದರೂ ಮೋವಾಬಿನ ಸುದ್ದಿ ಇಲ್ಲ. ಬೆಳಗಾಗಿ ಹಿರಿಯರು ಊರಬಾಗಿಲಲ್ಲಿ ಕೂತು ನೊವೊಮಿಯ ಗಂಡನ ಜಮೀನಿನ ವ್ಯವಹಾರ ಶುರುವಾದದ್ದೇ ತಡ, ಮತ್ತೆ ‘ಮೋವಾಬಿನ ರೂತಳು’. ಹೇಳುವವನು ಅದೇ ಬೋವಜ. ಅಲ್ಲಿಂದ ಮುಂದೆ ಅವಳು ಒಂದು ಮಾತೂ ಆಡುವುದಿಲ್ಲ. ಬೋವಜನನ್ನು ಮದುವೆಯಾಗಿ ಅವಳಿಗೆ ಮಗು ಹುಟ್ಟಿದಾಗ ನೆರೆಯ ಹೆಂಗಸರು “ನೊವೊಮಿಗೆ ಮಗ ಹುಟ್ಟಿದ” ಅಂತಾರೆ, ಓಬೇದ ಅಂತ ಹೆಸರೂ ಅವರೇ ಇಡುತ್ತಾರೆ. ಹಾಗಂತ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಈ ಸೊಸೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಅಂದವರೂ ಅವರೇ.

‘ಮೋವಾಬಿನವಳು’ ಅನ್ನೋ ಹಣೆಪಟ್ಟಿಯ ಹಿಂದೆ ಒಂದು ಹಳೇ ಸಿಟ್ಟಿದೆ. ಬೈಬಲ್ಲಿನ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡದ 23ನೇ ಅಧ್ಯಾಯದ ಪ್ರಕಾರ ಮೋವಾಬ್ಯರು ಹತ್ತನೇ ತಲೆಮಾರಿನವರೆಗೂ ಇಸ್ರಾಯೇಲ್ಯರ ಸಭೆಗೆ ಸೇರುವಂತಿಲ್ಲ. ಐಗುಪ್ತದಿಂದ ಬರುತ್ತಿದ್ದ ಇಸ್ರಾಯೇಲ್ಯರನ್ನು ಅವರು ಅನ್ನ ನೀರು ತಂದು ಎದುರುಗೊಳ್ಳಲಿಲ್ಲ ಅನ್ನೋದು ಒಂದು ಕಾರಣ. ಆದರೆ ರೂತಳ ಮರಿಮಗ ಸಾಕ್ಷಾತ್ ಇಸ್ರಾಯೇಲಿನ ರಾಜ ದಾವೀದ. ಹಾಗಾದರೆ ರಾಜನೇ ಹೊರಗಿನವನಾ? ನಿಷೇಧ ಮೋವಾಬಿನ ಗಂಡಸರಿಗೆ ಮಾತ್ರ, ಹೆಂಗಸರಿಗಲ್ಲ ಅಂತ ಯೆಹೂದ್ಯರ ಹಳೇ ಕಾನೂನು ಸಂಗ್ರಹ ಮಿಷ್ನಾ ಹೇಳುತ್ತದೆ. ಅದರ ಮೇಲಿನ ಚರ್ಚೆಗಳ ಗ್ರಂಥ ತಾಲ್ಮೂದ್ ಕೊಡುವ ಕಾರಣ ನೋಡಿ: ದಾರಿಗೆ ಹೋಗಿ ಬಂದವರನ್ನು ಎದುರುಗೊಳ್ಳುವುದು ಗಂಡಸರ ಕೆಲಸ, ಹೆಂಗಸರದಲ್ಲ, ಆದ್ದರಿಂದ ತಪ್ಪೂ ಅವರದಲ್ಲ. ಹೆಣ್ಣು ಮನೆ ಬಿಟ್ಟು ಹೊರಡುವವಳಲ್ಲ ಅನ್ನೋ ನಂಬಿಕೆಯ ಮೇಲೆ ಒಳಗೆ ಸೇರಿಸಿಕೊಂಡರು, ಅದೂ ಮನೆ ಬಿಟ್ಟು ಇಷ್ಟು ದೂರ ನಡೆದು ಬಂದವಳನ್ನು.