ಹೃದಯದೊಳಗೆ ಸಿಕ್ಕ ತಂತಿ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದುದು ಹೇಗೆ?

ಕವಾಟ ಬದಲಾಯಿಸುವ ಶಸ್ತ್ರಚಿಕಿತ್ಸೆಯ ವೇಳೆ ನಿಮ್ಮ ತಂದೆಯವರ ಬಲ ಹೃತ್ಕರ್ಣದಲ್ಲಿ (ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ) ಹಳೆಯ ತಂತಿಯೊಂದು ಸಿಕ್ಕಿತೆಂದೂ, ಎರಡು ವರ್ಷಗಳ ಹಿಂದೆ ಅವರು ಐಸಿಯುನಲ್ಲಿದ್ದಾಗ ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕಿದ್ದರೆಂದೂ ಬರೆದಿದ್ದೀರಿ. ಇಷ್ಟು ದಿನ ಅದು ಏಕೆ ಕಾಣಲಿಲ್ಲ, ಅದರ ಒಂದು ತುಣುಕನ್ನು ಒಳಗೇ ಬಿಟ್ಟದ್ದು ಸರಿಯೇ ಎಂದು ಕೇಳಿದ್ದೀರಿ. ಹೃದಯ ಶಸ್ತ್ರಚಿಕಿತ್ಸೆಗಳಲ್ಲಿ ಅರಿವಳಿಕೆ ನೀಡುವ ವೈದ್ಯೆಯಾದ ನಾನು ಇಂಥದ್ದೇ ತಂತಿಯನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ.

ಸ್ವೀಡನ್ನಿನ ವಿಕಿರಣ ತಜ್ಞ ಸ್ವೆನ್-ಇವಾರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ವಿಧಾನವನ್ನೇ ಇಂಥ ನಳಿಕೆ ಹಾಕಲು ನಾವು ಇಂದಿಗೂ ಅನುಸರಿಸುತ್ತೇವೆ: ಮೊದಲು ಸೂಜಿ, ಸೂಜಿಯೊಳಗಿಂದ ತೆಳುವಾದ ತಂತಿ, ಆಮೇಲೆ ಸೂಜಿಯನ್ನು ತೆಗೆದು ತಂತಿಯ ಗುಂಟ ನಳಿಕೆ, ಕೊನೆಗೆ ತಂತಿ ಹೊರಕ್ಕೆ. ನಳಿಕೆಯನ್ನು ಒಳದೂಡುವಾಗ ತಂತಿಯ ಹೊರತುದಿ ಕೈಯ ಹಿಡಿತದಲ್ಲೇ ಇರಬೇಕು. ತುರ್ತಿನಲ್ಲಿ ಗಮನ ಬೇರೆಡೆ ಹೋದರೆ ತಂತಿಯೂ ನಳಿಕೆಯ ಜೊತೆಗೇ ಒಳಕ್ಕೆ ಸರಿದುಬಿಡುತ್ತದೆ. ರಕ್ತನಾಳದ ಒಳಪದರಕ್ಕೆ ನೋವು ತಿಳಿಯದ ಕಾರಣ ರೋಗಿಗೆ ಏನೂ ಗೊತ್ತಾಗದೆ ಇರಬಹುದು. ಎಕ್ಸ್-ರೇಯಲ್ಲಿ ಅದು ಮೂಡಿದ್ದರೂ ಅದನ್ನು ನಳಿಕೆಯ ಭಾಗವೆಂದೋ ಎದೆಯ ಮೇಲಿನ ಇಸಿಜಿ ತಂತಿಯೆಂದೋ ಭಾವಿಸುವುದು ಸುಲಭ, ಏಕೆಂದರೆ ಚಿತ್ರವನ್ನು ಓದುವವರು ಆ ಹೊತ್ತಿನಲ್ಲಿ ಹುಡುಕುತ್ತಿರುವುದು ಶ್ವಾಸಕೋಶದ ಸೋಂಕನ್ನೋ ನೀರನ್ನೋ.

ನಾನು ಕಂಡ ಪ್ರಕರಣದಲ್ಲಿ ಅನ್ನನಾಳದ ಮೂಲಕ ಮಾಡುವ ಎಕೋ ಪರೀಕ್ಷೆಯಲ್ಲಿ (ಶಬ್ದತರಂಗಗಳಿಂದ ಹೃದಯದ ಚಿತ್ರ ಮೂಡಿಸುವ ಪರೀಕ್ಷೆ) ಬಲ ಹೃತ್ಕರ್ಣದೊಳಗೆ ಪ್ರಕಾಶಮಾನವಾದ ಗೆರೆಯೊಂದು ಕಂಡಿತು. ರೋಗಿಗೆ ಪೇಸ್‌ಮೇಕರ್ ಇರಲಿಲ್ಲ, ಹಾಗಾಗಿ ಅದು ಪೇಸ್‌ಮೇಕರ್‌ನ ತಂತಿಯಾಗಿರಲು ಸಾಧ್ಯವಿರಲಿಲ್ಲ. ಹೃದಯ-ಶ್ವಾಸಕೋಶ ಯಂತ್ರಕ್ಕೆ ರಕ್ತ ಒಯ್ಯುವ ಕೊಳವೆಯನ್ನು ಅದೇ ಹೃತ್ಕರ್ಣದ ಮೂಲಕ ತೂರಿಸಬೇಕಿದ್ದುದರಿಂದ, ಶಸ್ತ್ರವೈದ್ಯರಿಗೆ ತಕ್ಷಣ ಹೇಳಿ ಎಲ್ಲವನ್ನೂ ನಿಲ್ಲಿಸಿದೆವು. ಆ ಕೆಲವು ನಿಮಿಷಗಳ ಮೌನ ನನಗೆ ಇನ್ನೂ ನೆನಪಿದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ತಂತಿ ಜಾರಿದ್ದು ಕೂಡಲೇ ತಿಳಿದರೆ ತೊಡೆಯ ರಕ್ತನಾಳದ ಮೂಲಕ ಕುಣಿಕೆ ಹಾಕಿ ಹೊರಗೆಳೆಯಬಹುದು. ಎದೆ ತೆರೆಯದೆ ಹೀಗೆ ತುಣುಕು ತೆಗೆದ ವರದಿ 1964ರಲ್ಲೇ ಬಂದಿದೆ. ಆದರೆ ತಿಂಗಳುಗಳು ಕಳೆದಂತೆ ತಂತಿಯ ಮೇಲೆ ಅಂಗಾಂಶ ಬೆಳೆದು ಅದು ರಕ್ತನಾಳದ ಗೋಡೆಗೆ ಬೆಸೆದುಕೊಳ್ಳುತ್ತದೆ, ಆಗ ಬಲವಾಗಿ ಎಳೆದರೆ ಗೋಡೆಯೇ ಹರಿಯಬಹುದು. ಹೃದಯದೊಳಗೆ ಸಡಿಲವಾಗಿ ಅಲುಗಾಡುವ ಭಾಗವನ್ನು ತೆಗೆದು, ಗೋಡೆಯಲ್ಲಿ ಹುದುಗಿದ ತುಣುಕನ್ನು ಬಿಟ್ಟಿದ್ದರೆ ಅದು ಅಲಕ್ಷ್ಯವಲ್ಲ, ಅಳೆದು ತೂಗಿ ಕೈಗೊಂಡ ನಿರ್ಧಾರವೆಂದೇ ನಾನು ಭಾವಿಸುತ್ತೇನೆ. ಅದನ್ನು ನಿಮಗೆ ಬಿಡಿಸಿ ಹೇಳದಿದ್ದುದು ಮಾತ್ರ ಖಂಡಿತ ತಪ್ಪು.

ಉಳಿದ ತುಣುಕು ಎಲ್ಲಿದೆ, ಎಷ್ಟು ಉದ್ದವಿದೆ, ಯಾವ ಲೋಹದ್ದು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮುಂದೆ ಎಂಆರ್‌ಐ ಮಾಡುವವರಿಗೆ ಆ ಕಾಗದವನ್ನು ಮೊದಲೇ ತೋರಿಸಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಎಷ್ಟು ಕಾಲ ಬೇಕು, ಎಕೋ ಯಾವಾಗ ಮತ್ತೆ ಮಾಡಿಸಬೇಕು ಎಂಬುದನ್ನೂ ಕೇಳಿ. ಕಾರಣ ತಿಳಿಯದ ಜ್ವರ ಬಂದರೆ, ಹೊಸ ಕವಾಟ ಮತ್ತು ಈ ತುಣುಕು ಎರಡರ ವಿಷಯವನ್ನೂ ವೈದ್ಯರಿಗೆ ತಿಳಿಸಿ, ಆ್ಯಂಟಿಬಯಾಟಿಕ್ ಆರಂಭಿಸುವ ಮೊದಲೇ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ರೋಗಾಣುಗಳಿವೆಯೇ ಎಂದು ನೋಡುವ ಪರೀಕ್ಷೆಗೆ) ರಕ್ತ ತೆಗೆಯುವಂತೆ ಕೇಳಿಕೊಳ್ಳಿ.